ಓಣಿಯ ವೇಗ, ಸೈಕಲ್ಲಿನ ಕಥೆ



ಸೈಕಲ್ ಹೊಡೆಯುವವರಿಗೆ ನಮ್ಮ ಓಣಿಗಳು ಸುರಕ್ಷಿತವಾಗಬೇಕು ಎಂದು ಎಪ್ಪತ್ತು ವರ್ಷದ ಹಿಂದೆ ಜಮಖಂಡಿಯಲ್ಲಿ ಯಾರಾದರೂ ಹೇಳಿದ್ದರೆ ಜನ ನಕ್ಕುಬಿಡುತ್ತಿದ್ದರು. ಆಗ ಓಣಿಯಲ್ಲಿ ಎಲ್ಲಕ್ಕಿಂತ ಜೋರಾಗಿ ಓಡುತ್ತಿದ್ದುದೇ ಸೈಕಲ್ಲು. ಅಂಜಬೇಕಾಗಿದ್ದವರು ನಡೆದು ಹೋಗುವವರು. ಆ ಕಾಲದ ಕಟ್ಟಳೆಗಳೂ ಹಾಗೇ ಇದ್ದವು: ಬೆಲ್ ಇರಬೇಕು, ಬ್ರೇಕ್ ಇರಬೇಕು, ಹೊತ್ತು ಮುಳುಗಿದ ಮೇಲೆ ದೀಪ ಉರಿಯಬೇಕು, ಇಬ್ಬರು ಕೂತು ಹೋಗಬಾರದು. ಊರಿನ ಪುರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿಕೊಳ್ಳಬೇಕು. ದೀಪವಿಲ್ಲದೆ ಸಿಕ್ಕಿಬಿದ್ದವರ ಸೈಕಲ್ ಗಾಳಿ ಪೊಲೀಸರ ಕೈಯಲ್ಲಿ ಹೋದ ಕಥೆಗಳನ್ನು ಹಿರಿಯರು ಈಗಲೂ ಹೇಳುತ್ತಾರೆ.

ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆಯ, ಚೈನಿನಿಂದ ಓಡುವ ಸೈಕಲ್ಲು ಇಂಗ್ಲೆಂಡಿನಲ್ಲಿ 1885ರಲ್ಲಿ ಬಂತು. ಗಾಳಿ ತುಂಬುವ ಟೈರು 1888ರಲ್ಲಿ. ನಮ್ಮ ಈ ಭಾಗ ಆಗ ಹಲವು ಚೂರುಗಳಾಗಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ರಬಕವಿ ಸಾಂಗಲಿ ಸಂಸ್ಥಾನದಲ್ಲಿ, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿ. ಪರದೇಶದ ಸೈಕಲ್ಲು ಮೊದಲು ಅಧಿಕಾರಿಗಳು, ಡಾಕ್ಟರು, ವಕೀಲರಂಥ ಉಳ್ಳವರ ಅಂಗಳಕ್ಕೆ ಬಂತು. ಬಡವರ ಕೈಗೆ ಬಂದದ್ದು ಸ್ವಾತಂತ್ರ್ಯದ ಮೇಲೆ. ಮದರಾಸಿನಲ್ಲಿ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್‌ನಲ್ಲಿ ಅಟ್ಲಾಸ್ 1951ರಲ್ಲಿ, ಲೂಧಿಯಾನದಲ್ಲಿ ಹೀರೋ 1956ರಲ್ಲಿ ಶುರುವಾದವು. ಕೊಳ್ಳಲಾಗದವರಿಗೆ ತಾಸಿನ ಬಾಡಿಗೆಯ ಅಂಗಡಿಗಳಿದ್ದವು. ಬಾರಿನ ಕೆಳಗೆ ಕಾಲು ತೂರಿಸಿ ಅರ್ಧ ಪೆಡಲ್ ತುಳಿದು ಕಲಿತವರು ಇದನ್ನು ಕೇಳುತ್ತಿದ್ದರೆ ಮೊಣಕಾಲ ಗಾಯದ ಗುರುತು ಮುಟ್ಟಿ ನೋಡಿಕೊಳ್ಳಬಹುದು.

ರಬಕವಿ-ಬನಹಟ್ಟಿಯ ಓಣಿಗಳ ಮಾತು ಬೇರೆಯೇ. ನೇಕಾರರ ಊರಿನಲ್ಲಿ ಓಣಿ ಎಂದರೆ ಹಾದು ಹೋಗುವ ದಾರಿಯಷ್ಟೇ ಅಲ್ಲ, ಕೆಲಸದ ಜಾಗವೂ ಹೌದು. ಉದ್ದಕ್ಕೂ ನೂಲಿನ ಹಾಸು ಕಟ್ಟಿ ಗಂಜಿ ಹಚ್ಚುವಾಗ ಬಂದವರು ಇಳಿದು, ಸೈಕಲ್ ತಳ್ಳಿಕೊಂಡು, ಬದಿಗೆ ಸರಿದು ಹೋಗಬೇಕಿತ್ತು. ಸೀರೆಯ ಗಂಟನ್ನು ಕ್ಯಾರಿಯರ್ ಮೇಲೆ ಬಿಗಿದು ಸಾವುಕಾರರ ಮನೆಗೆ ಹೊರಟ ನೇಕಾರನೂ ಅದಕ್ಕೆ ಗೊಣಗುತ್ತಿರಲಿಲ್ಲ. ಹಾಸು ಇವತ್ತು ಅವನದಾದರೆ ನಾಳೆ ಇವನದು. ಓಣಿಯ ವೇಗವನ್ನು ಅಲ್ಲಿ ಬಾಳುವವರೇ ಗೊತ್ತು ಮಾಡುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಲೆಕ್ಕ ತಪ್ಪಿಸಿದ್ದು ನೀರು ಎಂದರೆ ನೀವು ಅಚ್ಚರಿಪಡಬಹುದು. ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ರೈತರೇ ಹಣ ಕೂಡಿಸಿ, ಶ್ರಮ ಹಾಕಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಬ್ಯಾರೇಜ್ ಕಟ್ಟಿದರು. 1989ರಲ್ಲಿ ನೀರು ನಿಂತ ಆ ಶ್ರಮಬಿಂದು ಸಾಗರ ದೇಶಕ್ಕೇ ಹೆಸರಾಯಿತು. ನೀರು ಬಂದಲ್ಲಿ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆಗಳು ಬಂದವು. ಸಮೀರವಾಡಿಯ ಗೋದಾವರಿ ಮೊದಲೇ ಇತ್ತು. ಆಮೇಲೆ ರನ್ನನಗರ, ಸಿದ್ದಾಪುರ, ಹಿರೇಪಡಸಲಗಿ, ಬಾಡಗಂಡಿ ಎಂದು ಹೆಸರುಗಳು ಸೇರುತ್ತಾ ಹೋದವು. ಮೊದಲು ಕಬ್ಬು ಹೊರುತ್ತಿದ್ದುದು ಚಕ್ಕಡಿ. ಅದರ ವೇಗ ಮನುಷ್ಯ ನಡೆಯುವಷ್ಟೇ. ಸೈಕಲ್ಲಿನವನು ಗಂಟೆ ಬಾರಿಸಿ ದಾಟಿ ಹೋಗುತ್ತಿದ್ದ. ಈಗ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು. ಹದಿನೈದು, ಇಪ್ಪತ್ತು ಟನ್ ಕಬ್ಬು, ಎರಡೂ ಬದಿಗೆ ಹೊರಚಾಚಿದ ಗಳಗಳು, ಕಿವಿ ತುಂಬುವ ಹಾಡು. ಹಿಂದಿನ ಟ್ರೇಲರಿಗೆ ತನ್ನದೇ ಬ್ರೇಕ್ ಇರುವುದು ಅಪರೂಪ, ಕೆಲವಕ್ಕೆ ಹಿಂದೀಪವೂ ಇರದು. ನವೆಂಬರಿನಿಂದ ಮಾರ್ಚಿನವರೆಗೆ ಸಂಜೆ ಆರರ ಮೇಲೆ ಮುಧೋಳ–ಜಮಖಂಡಿ ರಸ್ತೆಯಲ್ಲಿ ಸೈಕಲ್ ಹೊಡೆಯುವುದು ಎಷ್ಟು ಧೈರ್ಯದ ಕೆಲಸ ಎಂಬುದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಬ್ಯಾರೇಜಿನ ನ್ಯಾಮಗೌಡರೂ 2018ರ ಮೇ ತಿಂಗಳಲ್ಲಿ, ಶಾಸಕರಾಗಿದ್ದಾಗಲೇ, ತುಳಸಿಗೇರಿಯ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡರು.

ಕಬ್ಬಿನ ದುಡ್ಡು ಮನೆಗೆ ಮೋಟರ್ ಸೈಕಲ್ ತಂದಿತು. ಜಮಖಂಡಿಗೆ ಕೆ.ಎ. 48 ಎಂಬ ತನ್ನದೇ ನೋಂದಣಿ ಸಂಖ್ಯೆ ಬಂತು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಬರಗಾಲ ಕಂಡ ನೆಲಕ್ಕೆ ಈ ಸಿರಿ ಬೇಕಾಗಿತ್ತು. ಆದರೆ ಓಣಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಸೈಕಲ್ಲು ಇಪ್ಪತ್ತೇ ವರ್ಷದಲ್ಲಿ ಎಲ್ಲರಿಗಿಂತ ಹಿಂದೆ ಬಿತ್ತು. ಕಟ್ಟಳೆ ಮಾಡುವವರ ಗಮನವೂ ಅದರಿಂದ ಜಾರಿತು. ಬಿಲ್ಲೆ ಹೋಯಿತು, ದಂಡ ಹೋಯಿತು, ಜೊತೆಗೆ ರಸ್ತೆಯ ಲೆಕ್ಕದಿಂದ ಸೈಕಲ್ಲೂ ಹೋಯಿತು.

ಅದೇ ಹೊತ್ತಿಗೆ ಸರಕಾರ ರಸ್ತೆಗೆ ಸಾವಿರಾರು ಹೊಸ ಸೈಕಲ್ ಇಳಿಸಿದ್ದು ವಿಚಿತ್ರ. 2006–07ರಲ್ಲಿ ಕರ್ನಾಟಕದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಬಂತು, ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಅದೇ ವರ್ಷ ಬಿಹಾರದಲ್ಲಿ ಶುರುವಾದ ಇಂಥದೇ ಯೋಜನೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಅಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಏರಿತೆಂದು ಕಂಡುಕೊಂಡರು. ನಮ್ಮಲ್ಲೂ ಹಳ್ಳಿಯಿಂದ ಹೈಸ್ಕೂಲಿಗೆ ಸಾಲಾಗಿ ಹೊರಟ ಹುಡುಗಿಯರನ್ನು ನೋಡುವುದೇ ಒಂದು ಹಬ್ಬವಾಗಿತ್ತು. ಕೋವಿಡ್ ಬಂದ ಮೇಲೆ ಆ ಹಂಚಿಕೆ ನಿಂತಿತು. ಸೈಕಲ್ ಕೊಟ್ಟಷ್ಟೂ ವರ್ಷ, ಆ ಮಕ್ಕಳು ಹೋಗುವ ದಾರಿಯ ಅಂಚಿಗೆ ಒಂದು ಮೊಳ ಜಾಗ ಬಿಡಿಸಬೇಕೆಂದು ಯಾರೂ ಯೋಚಿಸಲಿಲ್ಲ.

ಇನ್ನೊಂದು ಸಂಗತಿ. ಇದೇ ಸೀಮೆ ರಾಜ್ಯಕ್ಕೆ ಒಳ್ಳೊಳ್ಳೆಯ ಸೈಕ್ಲಿಸ್ಟರನ್ನು ಕೊಟ್ಟಿದೆ. ಬಾಗಲಕೋಟೆ, ವಿಜಯಪುರದ ಕ್ರೀಡಾ ವಸತಿನಿಲಯಗಳು, ರಾಮದುರ್ಗ ತಾಲೂಕಿನ ಚಂದರಗಿ ಕ್ರೀಡಾಶಾಲೆ ಇದಕ್ಕೆ ಹೆಸರುವಾಸಿ. ಈ ಮಕ್ಕಳು ಬೆಳಿಗ್ಗೆ ಅಭ್ಯಾಸ ಮಾಡುವುದು ಲಾರಿ, ಟ್ರ್ಯಾಕ್ಟರು ಓಡುವ ಅದೇ ರಸ್ತೆಯಲ್ಲಿ.

ಇಂಥ ರಸ್ತೆಗಳನ್ನು ಬದಲಿಸಿಕೊಂಡ ನಾಡೂ ಇದೆ. ಹಾಲೆಂಡ್ ಎಂದರೆ ಹುಟ್ಟಿನಿಂದಲೇ ಸೈಕಲ್ಲಿನ ನಾಡು ಎಂಬ ಭಾವನೆ ನಮ್ಮಲ್ಲಿದೆ. ನಿಜ ಹಾಗಿಲ್ಲ. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆಯ ಮೇಲೆ ಸತ್ತವರು 3,000ಕ್ಕೂ ಹೆಚ್ಚು, ಅವರಲ್ಲಿ ಮಕ್ಕಳೇ 400ಕ್ಕೂ ಹೆಚ್ಚು. ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬ 1972ರಲ್ಲಿ ಬರೆದ ಲೇಖನದಿಂದ ಚಳವಳಿ ಎದ್ದಿತು. ತಾಯಂದಿರು, ಮಕ್ಕಳು ರಸ್ತೆಗೆ ಅಡ್ಡ ಕೂತರು. ಡೆಲ್ಫ್ಟ್ ಎಂಬ ಊರಿನಲ್ಲಿ ಆಗಲೇ ಓಣಿಗಳಲ್ಲಿ ಗಿಡ ನೆಟ್ಟು, ಕಟ್ಟೆ ಕಟ್ಟಿ, ನೆಟ್ಟಗಿದ್ದ ದಾರಿಯನ್ನು ಬೇಕೆಂದೇ ಸೊಟ್ಟ ಮಾಡಿದ್ದರು. 1976ರಲ್ಲಿ ಅದಕ್ಕೆ ಕಾನೂನಿನ ಮುದ್ರೆ ಬಿತ್ತು. ಅಂಥ ಓಣಿಯಲ್ಲಿ ಕಾರು ನಡಿಗೆಯ ವೇಗದಲ್ಲೇ ಹೋಗಬೇಕು. ಬನಹಟ್ಟಿಯ ಹಾಸು ಯಾವ ಕಾನೂನೂ ಇಲ್ಲದೆ ಮಾಡುತ್ತಿದ್ದ ಕೆಲಸ ಇದೇ ಅಲ್ಲವೆ?

ನಾವು ಮಾತ್ರ ಸೊಟ್ಟದ್ದನ್ನು ನೆಟ್ಟಗೆ ಮಾಡುತ್ತಾ ಬಂದೆವು. ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ತಾಲೂಕಿನ ಎಷ್ಟೋ ಹಳ್ಳಿಗಳು ಮುಳುಗಿದವು. ಮುಳುಗಿದ ಊರುಗಳ ದಾರಿ ಗುಡಿ, ಬಾವಿ, ಬೇವಿನ ಗಿಡ ಸುತ್ತಿಕೊಂಡು ಹೋಗುತ್ತಿತ್ತು. ಪುನರ್ವಸತಿ ಕೇಂದ್ರಗಳ ದಾರಿ ಅಗಲ, ನೆಟ್ಟಗೆ, ದಾರ ಹಿಡಿದು ಎಳೆದ ಹಾಗೆ. ಮನೆಗೆ ಗಾಳಿ ಬೆಳಕು ಬಂತು, ಅದು ಒಳ್ಳೆಯದೇ. ಬೈಕಿನ ಹುಡುಗರಿಗೆ ಓಡುವ ಉಮೇದೂ ಬಂತು.

ವೇಗ ಕಡಿಮೆ ಮಾಡಿ ಎಂದು ಬರೀ ಹೇಳಿದರೆ ಆಗದು. ಕೇಂದ್ರ ಸರಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಊರೊಳಗೂ ಕಾರು 70, ಬೈಕು 60 ಕಿ.ಮೀ. ವೇಗದಲ್ಲಿ ಹೋಗಬಹುದು. ಜನರಿರುವ ಕಡೆ 30 ಮೀರಬಾರದೆಂದು ರಸ್ತೆ ಸುರಕ್ಷತೆ ಕುರಿತ 2020ರ ಸ್ಟಾಕ್‌ಹೋಮ್ ಜಾಗತಿಕ ಸಮ್ಮೇಳನ ಹೇಳಿದೆ. ಮಿತಿಯನ್ನು ಇಳಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಲ್ಲಿದೆ, ಭಾರಿ ವಾಹನಗಳನ್ನು ಒಂದು ರಸ್ತೆಗೆ ಬಿಡದಿರುವ ಅಧಿಕಾರ 115ರಲ್ಲಿದೆ. ಶಾಲೆ ಕೂಡುವ ಮತ್ತು ಬಿಡುವ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರು ಪೇಟೆಯೊಳಗೆ ಬರದಂತೆ ಮಾಡಲು ಹೊಸ ಕಾನೂನು ಬೇಕಾಗಿಲ್ಲ. ಬೇಕಾಗಿರುವುದು ಒಂದು ಅರ್ಜಿ, ಅದರ ಬೆನ್ನು ಹತ್ತುವ ನಾಲ್ಕು ಜನ.

ಕೊನೆಗೆ ಹಂಪ್ಸ್. ಅಪಘಾತವಾದ ಮರುದಿನ ಸಿಟ್ಟಿನಲ್ಲಿ ಒಂದು ಬುಟ್ಟಿ ಸಿಮೆಂಟು ಸುರಿದು ಮಾಡಿದ ಚೂಪು ದಿಣ್ಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬೈಕಿನವನು ಅದರ ಬದಿಯಿಂದ ನುಸುಳುತ್ತಾನೆ, ಸೈಕಲ್ ಮೇಲಿನ ಮುದುಕ ಬೀಳುತ್ತಾನೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆ ಅಳತೆ ಕೊಟ್ಟಿದೆ: ಅಗಲ 3.7 ಮೀಟರು, ನಡುವಿನ ಎತ್ತರ 10 ಸೆಂಟಿಮೀಟರು, ಇಳಿಜಾರಾಗಿ ಏರಿ ಇಳಿಜಾರಾಗಿ ಇಳಿಯಬೇಕು. ಅಂಥದರ ಮೇಲೆ ಸೈಕಲ್ಲು ಸರಾಗ ಹೋಗುತ್ತದೆ, ಮೋಟಾರು ಗಾಡಿ 25ರ ಆಸುಪಾಸಿಗೆ ಇಳಿಯಲೇಬೇಕು. ನಿಮ್ಮ ಓಣಿಗೆ ಈ ವರ್ಷ ಕಾಂಕ್ರೀಟ್ ರಸ್ತೆ ಬರುವುದಿದ್ದರೆ, ಕೆಲಸ ಮುಗಿಯುವ ಮೊದಲೇ ನಗರಸಭೆಯ ಎಂಜಿನಿಯರರಿಗೆ, ಬೀಳಗಿಯವರಾದರೆ ಪಟ್ಟಣ ಪಂಚಾಯಿತಿಯವರಿಗೆ, ಈ ಅಳತೆಯನ್ನು ಬರೆದುಕೊಡಿ. ಅದರ ಮೇಲೆ ಬಿಳಿ ಪಟ್ಟೆ ಬಳಿಯಲು, ಹತ್ತಿರ ಒಂದು ಬೀದಿದೀಪ ಹಾಕಲು ಹೇಳುವುದನ್ನೂ ಮರೆಯಬೇಡಿ. ಕತ್ತಲಲ್ಲಿ ಕಾಣದ ಹಂಪ್ಸ್ ಇದ್ದರೂ ಅಪಾಯವೇ.