ಬುತ್ತಿಯ ಚೀಲ

ಬುತ್ತಿ ಎಂದೊಡನೆ ನಮಗೆ ನೆನಪಾಗುವುದು ಗಂಟು. ರೊಟ್ಟಿಯೋ ಮೊಸರನ್ನವೋ, ಬಟ್ಟೆಯ ನಾಲ್ಕು ಚುಂಗುಗಳನ್ನು ಸೇರಿಸಿ ಕಟ್ಟಿದರೆ ಪ್ರಯಾಣಕ್ಕೆ ಸಿದ್ಧ. ಇದೇ ಗಂಟನ್ನು ಜಪಾನೀಯರು ಒಂದು ಕಲೆಯನ್ನಾಗಿ ಬೆಳೆಸಿದ್ದಾರೆ. ಅದರ ಸುತ್ತ ಅಲ್ಲಿನ ಅನೇಕ ಹೆಂಗಸರು ಮನೆಯಲ್ಲಿಯೇ ಒಂದು ಸಣ್ಣ ಕಸುಬನ್ನೂ ಕಟ್ಟಿಕೊಂಡಿದ್ದಾರೆ. ಆ ಕಸುಬಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಜಪಾನೀಯರ ಬುತ್ತಿಗೆ ‘ಬೆಂತೊ’ ಎಂದು ಹೆಸರು. ಅನ್ನ, ಮೀನು, ಉಪ್ಪಿನಲ್ಲಿ ಹಾಕಿದ ತರಕಾರಿ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಚಿತ್ರ ಬರೆದಂತೆ ಅಡಕಿರುತ್ತಾರೆ. ಪೆಟ್ಟಿಗೆ ಓರೆಯಾಯಿತೋ, ಚಿತ್ರ ಕೆಟ್ಟಿತು. ಆದ್ದರಿಂದ ಅದನ್ನು ಮಟ್ಟಸವಾಗಿ ಹಿಡಿಯುವ ಬಟ್ಟೆ ಬೇಕು. ಬಿಚ್ಚಿದಾಗ ಅದೇ ಹಾಸೂ ಆಗಬೇಕು. ಇಂಥ ಚೌಕಕ್ಕೆ ‘ಫುರೋಶಿಕಿ’ ಎನ್ನುತ್ತಾರೆ. ಫುರೊ ಎಂದರೆ ಸ್ನಾನ, ಶಿಕಿ ಎಂದರೆ ಹಾಸು. ಎದೊ ಕಾಲದ ಸ್ನಾನಗೃಹಗಳಲ್ಲಿ ಉಡುಪುಗಳನ್ನು ಕಟ್ಟಿಡುತ್ತಿದ್ದ ಬಟ್ಟೆ ಮುಂದೆ ವರ್ತಕರ ಬೆನ್ನೇರಿತು, ಬುತ್ತಿಗೂ ಬಂತು.

ಇದರ ತಂಗಿ ‘ಅಜುಮಾಬುಕುರೊ’. ಅಗಲ 30 ಸೆಂಟಿಮೀಟರ್ ಆದರೆ ಉದ್ದ 90. ಈ ಪಟ್ಟಿಯನ್ನು ಮೂರಾಗಿ ಮಡಿಸಿ, ಒಂದು ಮಡಿಕೆಯ ಮೇಲಂಚನ್ನೂ ಇನ್ನೊಂದರ ಕೆಳಗಿನ ಅಂಚನ್ನೂ ಹೊಲಿದರೆ ಚೀಲ ಮುಗಿಯಿತು. ಕತ್ತರಿಯ ಕೆಲಸವಿಲ್ಲ, ಒಂದು ಎಳೆಯೂ ವ್ಯರ್ಥವಿಲ್ಲ. ಮೊಲದ ಕಿವಿಗಳಂತೆ ನಿಂತ ಎರಡು ತುದಿಗಳನ್ನು ಗಂಟುಹಾಕಿದರೆ ಅದೇ ಹಿಡಿ. ಬಟ್ಟೆಯ ಮೇಲಿನ ಈ ಮರ್ಯಾದೆ ಕಿಮೋನೊದಲ್ಲಿಯೂ ಉಂಟು. ಅದನ್ನು ನೇರ ಪಟ್ಟಿಗಳಾಗಿಯೇ ಕತ್ತರಿಸುವುದರಿಂದ, ಸವೆದಾಗ ಹೊಲಿಗೆ ಬಿಚ್ಚಿ ಬೇರೊಂದಕ್ಕೆ ಬಳಸಬಹುದು. ಹಳೆಯ ಕಿಮೋನೊಗಳು ಚೀಲವಾಗುವುದು ಹೀಗೆ.

ಜಪಾನೀಯರು ತಮ್ಮ ಒಂದು ಬಗೆಯ ಪಟ್ಟೆಬಟ್ಟೆಯನ್ನು ‘ಸಾಂತೊಮೆ’ ಎಂದು ಕರೆದರು. ಇದು ಮದರಾಸಿನ ಮೈಲಾಪುರದ ಸಾಂತೋಮ್ ಎಂಬ ಹೆಸರೇ! ನಮ್ಮ ಕರಾವಳಿಯ ಹತ್ತಿ ಹಡಗಿನಲ್ಲಿ ಹೋಗಿ, ಅಲ್ಲಿನ ಚಹಾರಸಿಕರ ಭರಣಿಗಳಿಗೆ ಚೀಲವಾಗಿ, ಕೊನೆಗೆ ಅಲ್ಲಿಯ ಮಗ್ಗಗಳಲ್ಲಿಯೇ ನೇಯಲ್ಪಟ್ಟಿತು.

ಇನ್ನು ಕಸುಬಿಗೆ ಬರೋಣ. ಜಪಾನಿನಲ್ಲಿ ಶಾಲೆ ತೆರೆಯುವುದು ಏಪ್ರಿಲಿನಲ್ಲಿ. ಎಷ್ಟೋ ಶಿಶುವಿಹಾರಗಳು ಬುತ್ತಿಯ ಚೀಲ, ಪಾದರಕ್ಷೆಯ ಚೀಲ ಮುಂತಾದುವನ್ನು ಇಂತಿಷ್ಟೇ ಅಳತೆಯಲ್ಲಿ, ಸಾಧ್ಯವಾದರೆ ತಾಯಿಯ ಕೈಯಿಂದಲೇ ಹೊಲಿದು ತರಬೇಕೆಂದು ಕೇಳುತ್ತವೆ. ಕಚೇರಿಯಿಂದ ರಾತ್ರಿ ಮನೆಗೆ ಬರುವ ತಾಯಿ ಏನು ಮಾಡಬೇಕು? ಆಕೆ ಹೊಲಿಗೆ ಬಲ್ಲ ಇನ್ನೊಬ್ಬಳಿಗೆ ಹೇಳಿಕಳಿಸುತ್ತಾಳೆ. 2012ರಲ್ಲಿ ಆರಂಭವಾದ ‘ಮಿನ್ನೆ’ಯಂಥ ಅಂತರಜಾಲದ ಸಂತೆಗಳು ಈ ಇಬ್ಬರನ್ನೂ ಒಂದುಗೂಡಿಸಿವೆ. ಕೊಂಡ ಚೀಲದಲ್ಲಿ ಮಾತೃವಾತ್ಸಲ್ಯ ಎಲ್ಲಿದೆ ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಈ ಆಕ್ಷೇಪಣೆ ಒಪ್ಪಿಗೆಯಿಲ್ಲ. ವಾತ್ಸಲ್ಯವನ್ನು ಅಳೆಯಲು ಸೂಜಿಯೇ ಬೇಕೆಂದವರು ತಂದೆಯ ಕೈಗೂ ಒಂದು ಸೂಜಿ ಕೊಡಬೇಡವೆ?

ನಿಜವಾದ ಕಷ್ಟವಿರುವುದು ಬೆಲೆಯಲ್ಲಿ. ಯಾನಗಿ ಸೊಯೆತ್ಸು ಎಂಬ ಕಲಾಮೀಮಾಂಸಕ ತನ್ನ ಗೆಳೆಯರೊಡನೆ 1925ರಲ್ಲಿ ‘ಮಿಂಗೆಯ್’, ಎಂದರೆ ಜನಸಾಮಾನ್ಯರ ಕೈಗೆಲಸ, ಎಂಬ ಪದವನ್ನು ಟಂಕಿಸಿದ. 1936ರಲ್ಲಿ ಟೋಕಿಯೋದಲ್ಲಿ ಅದಕ್ಕಾಗಿ ಒಂದು ಸಂಗ್ರಹಾಲಯವನ್ನೂ ತೆರೆದ. ಹೆಸರಿಲ್ಲದ ಕೈಗಳು ದಿನಬಳಕೆಗಾಗಿ ಹೇರಳವಾಗಿ, ಅಗ್ಗವಾಗಿ ಮಾಡಿದ ವಸ್ತುವಿನಲ್ಲಿಯೇ ನಿಜವಾದ ಚೆಲುವಿದೆಯೆಂಬುದು ಆತನ ಮತ. ಮನಸ್ಸನ್ನು ಸೆಳೆಯುವ ಮತವೇ ಸರಿ. ಆದರೆ ಅಗ್ಗ ಯಾರ ಪಾಲಿಗೆ? 2024ರಲ್ಲಿ ಜಪಾನಿನ ಕನಿಷ್ಠ ಕೂಲಿಯ ಸರಾಸರಿ ಗಂಟೆಗೆ 1,055 ಯೆನ್ ಇತ್ತು. ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಅಳೆದು, ಒಳಪದರ ಕೊಟ್ಟು, ಹುರಿ ಪೋಣಿಸಿ ಹೊಲಿಯಲು ಒಂದೇ ಗಂಟೆ ಸಾಕೆಂದುಕೊಂಡರೂ ಕೂಲಿಯೇ ಸಾವಿರ ಯೆನ್ ದಾಟಿತು. ನೂರು ಯೆನ್ನಿನ ಅಂಗಡಿಯಲ್ಲಿ ಯಂತ್ರದ ಚೀಲ ತೂಗಾಡುತ್ತಿರುತ್ತದೆ. ಹೊಲಿಯುವವಳು ಸಂಕೋಚದಿಂದ ತನ್ನ ಕೂಲಿಯನ್ನೇ ಲೆಕ್ಕದಿಂದ ಬಿಟ್ಟುಬಿಟ್ಟರೆ, ಒಂದು ಎಳೆಯನ್ನೂ ವ್ಯರ್ಥಮಾಡದ ಆ ಕಸುಬಿನಲ್ಲಿ ವ್ಯರ್ಥವಾಗುವುದು ಅವಳ ಹೊತ್ತೊಂದೇ.

ಇನ್ನೊಂದು ತೊಡಕೂ ಉಂಟು. ಮಕ್ಕಳಿಗೆ ಬೇಕಾದದ್ದು ಅನ್‌ಪಾನ್‌ಮನ್, ಬನ್ನಿನ ತಲೆಯ ಆ ವೀರ. ಅಂಥ ಚಿತ್ರಗಳಿರುವ ಬಟ್ಟೆಯ ಅಂಚಿನಲ್ಲಿ, ಇದರಿಂದ ಮಾಡಿದ ವಸ್ತುವನ್ನು ಮಾರಕೂಡದೆಂದು ಅನೇಕವೇಳೆ ಅಚ್ಚಾಗಿರುತ್ತದೆ. ಹೀಗಾಗಿ ಹೊಲಿಯುವವಳು ನೀಲಿಯ ಪಟ್ಟೆ, ಚೆರಿಯ ಹೂವು, ಅಲೆಯ ವಿನ್ಯಾಸಗಳಿಗೆ ಹಿಂದಿರುಗುತ್ತಾಳೆ. ಬೆಂತೊ ಪಟ್ಟೆಯ ಚೀಲದಲ್ಲಿ ಮಟ್ಟಸವಾಗಿ ಕೂರುತ್ತದೆ. ಮಗುವಿನ ಕಣ್ಣು ಮಾತ್ರ ಪಕ್ಕದ ಮಗುವಿನ ಬನ್ನಿನ ವೀರನ ಮೇಲೆ.