ಅಗೆದ ನೆಲಕ್ಕೆ ಮತ್ತೆ ಹಸಿರು

ಕರಾವಳಿಯಲ್ಲಿ ಮನೆ ಕಟ್ಟಿಸಿದವರಿಗೆಲ್ಲ ಕೆಂಪುಕಲ್ಲಿನ ಪರಿಚಯ ಉಂಟು. ಮುರಕಲ್ಲೆಂದರೂ ಅದೇ. ನೆಲದೊಳಗಿರುವಾಗ ಮೆದುವಾಗಿದ್ದು, ಗಾಳಿಬಿಸಿಲು ತಾಗಿದ ಮೇಲೆ ಗಟ್ಟಿಯಾಗುವುದು ಇದರ ಗುಣ. ಕಟಪಾಡಿಯಿಂದ ಕಾರ್ಕಳದವರೆಗೆ ಎಷ್ಟೋ ಮನೆಗಳ ಗೋಡೆ, ಬಾವಿಯ ಕಟ್ಟೆ, ಹಿತ್ತಿಲ ಪಾಗಾರಗಳು ಈ ಕಲ್ಲಿನವೇ. ಆದರೆ ಒಂದು ಲೆಕ್ಕವನ್ನು ನಾವು ಮಾಡುವುದಿಲ್ಲ. ನಿಮ್ಮ ಮನೆಯ ಗೋಡೆಗಳಲ್ಲಿ ಎಷ್ಟು ಕಲ್ಲಿದೆಯೋ ಅಷ್ಟೇ ದೊಡ್ಡ ಹೊಂಡವೊಂದು ಎಲ್ಲೋ ಒಂದು ಪದವಿನ ಮೇಲೆ ಬಾಯ್ತೆರೆದುಕೊಂಡಿದೆ. ಗೋಡೆಗೆ ವರ್ಷವರ್ಷವೂ ಸುಣ್ಣ ಬಳಿಯುತ್ತೇವೆ. ಆ ಹೊಂಡದ ಗತಿ ಏನಾಯಿತೆಂದು ಕೇಳುವವರು ವಿರಳ.

ಕಲ್ಲು ತೆಗೆದು ಮುಗಿದ ಕೋರೆಯನ್ನು ಹಾಗೆಯೇ ಬಿಟ್ಟರೆ ಆಗುವ ಅನರ್ಥಗಳು ಒಂದೆರಡಲ್ಲ. ಮಳೆಗಾಲದಲ್ಲಿ ಅದು ಆಳ ತಿಳಿಯದ ಕೆರೆಯಾಗುತ್ತದೆ. ಈಜಲು ಇಳಿದ ಮಕ್ಕಳು ಮೇಲೆ ಬಾರದ ಸುದ್ದಿಯನ್ನು ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ನೀವು ಓದಿಯೇ ಇದ್ದೀರಿ. ಬೇಸಗೆಯಲ್ಲಿ ಅದೇ ಹೊಂಡ ಪೇಟೆಯ ಕಸಕ್ಕೆ ತಾಣವಾಗುತ್ತದೆ. ಮುರಕಲ್ಲು ರಂಧ್ರಮಯವಾದುದು, ಇಂದು ಹೊಂಡಕ್ಕೆ ಬಿದ್ದ ಕೊಳೆ ನಾಳೆ ಕೆಳಗಿನ ಮನೆಯವರ ಬಾವಿಯಲ್ಲಿ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ.

ಇನ್ನು ಆ ನೆಲದಲ್ಲಿ ಬೆಳೆಯುವುದೇನು? ಕಲ್ಲಿನ ಮೇಲೆ ಶತಮಾನಗಳಿಂದ ಕೂಡಿಬಂದ ಗೇಣುದ್ದದ ಮಣ್ಣೇ ಪದವಿನ ಸರ್ವಸ್ವ. ಹುಲ್ಲು, ಕುಂಟಾಲ, ಕೇಪುಳ, ನೇರಳೆಗಳೆಲ್ಲ ಬದುಕಿದ್ದು ಅದರ ಆಶ್ರಯದಲ್ಲಿ. ಅಗೆಯುವಾಗ ಮೊದಲು ಹಾಳಾಗುವುದೂ ಅದೇ. ಬರಿಗಲ್ಲಿನ ಮೇಲೆ ನಮ್ಮ ಜೂನ್ ತಿಂಗಳ ಮಳೆ ಹೊಡೆದಾಗ ಉಳಿದ ಹುಡಿಯೂ ತೋಡು ಸೇರುತ್ತದೆ. ಇಂಥ ಅನಾಥ ನೆಲಕ್ಕೆ ಮೊದಲು ಓಡಿಬರುವವರು ಕರೆಯದ ನೆಂಟರು. ನಮ್ಮಲ್ಲಿ ಕಮ್ಯುನಿಸ್ಟ್ ಗಿಡವೆಂದು ಕರೆಸಿಕೊಳ್ಳುವ ಗಿಡ ಅಮೆರಿಕಾ ಖಂಡದ್ದು. ಅದರ ಬೀಜಕ್ಕೆ ಹತ್ತಿಯಂಥ ಎಳೆಯಿದ್ದು ಗಾಳಿಯಲ್ಲಿ ಹಾರಿ ಬರುತ್ತದೆ. ಲಂಟಾನವನ್ನು ಬ್ರಿಟಿಷರು ಹೂವಿನ ಅಂದಕ್ಕಾಗಿ ತಂದರು. ಅದರ ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಊರೂರಿಗೆ ಹಂಚಿದವು. ಪಾರ್ಥೇನಿಯಂ 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು, ಅಲ್ಲಿಂದ ದೇಶವನ್ನೆಲ್ಲ ಆವರಿಸಿತು. ಅದನ್ನು ತಿನ್ನಲೆಂದು ಮೆಕ್ಸಿಕೋದಿಂದ ತಂದ ಒಂದು ಜಾತಿಯ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ತನ್ನ ಕೆಲಸ ಮಾಡುತ್ತಿದೆ. ಗಿಡವೂ ತನ್ನ ಕೆಲಸ ಬಿಟ್ಟಿಲ್ಲ.

ಕನ್ನಡದಲ್ಲಿ ‘ಕಳೆ’ ಎಂಬ ಮಾತು ಸ್ವಾರಸ್ಯಕರವಾದುದು. ಬೇಡದ ಗಿಡಕ್ಕೂ ಕಳೆ ಎನ್ನುತ್ತೇವೆ, ತೆಗೆದುಹಾಕುವ ಕ್ರಿಯೆಗೂ ಕಳೆ ಎನ್ನುತ್ತೇವೆ. ಕಾಂತಿ ಎಂಬ ಅರ್ಥದ ಕಳೆ ಬೇರೆ. ಅದು ಸಂಸ್ಕೃತದ ಕಲಾ ಶಬ್ದದ ತದ್ಭವ. ಕಳೆಯನ್ನು ಕಳೆದರೆ ಹೊಲಕ್ಕೆ ಕಳೆ ಬರುವುದು ನಿಜವೇ. ಆದರೆ ಅಗೆದ ನೆಲದಲ್ಲಿ ಅಷ್ಟರಿಂದ ಸಾಲದು. ಕಿತ್ತ ಜಾಗವನ್ನು ಬರಿದಾಗಿ ಬಿಟ್ಟರೆ ಮುಂದಿನ ಮಳೆಗೆ ಅದೇ ಕಳೆ ಇಮ್ಮಡಿಯಾಗಿ ಏಳುತ್ತದೆ. ಕಳೆಯೇ ರೋಗವಲ್ಲ, ಬರಿನೆಲವೆಂಬ ರೋಗಕ್ಕೆ ಅದು ಲಕ್ಷಣ.

ಹಾಗಾದರೆ ಬೇಗ ಬೆಳೆಯುವ ಯಾವುದಾದರೊಂದು ಗಿಡವನ್ನು ತುಂಬಿಬಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರವನ್ನು ನಮ್ಮ ಮೂಡಣ ದಿಕ್ಕಿನ ಘಟ್ಟವೇ ಹೇಳುತ್ತದೆ. ಕುದುರೆಮುಖದಲ್ಲಿ ಅದಿರು ತೆಗೆಯಲು 1976ರಲ್ಲಿ ಕಂಪೆನಿ ಸ್ಥಾಪಿತವಾಯಿತು. ಬೆಟ್ಟವನ್ನು ಕಡಿದು, ಅರೆದು, ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಮಂಗಳೂರಿಗೆ ಕಳುಹಿಸುತ್ತಿದ್ದರು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಕಬ್ಬಿಣ ಬೇರ್ಪಡಿಸಿ ಉಳಿದ ನುಣುಪು ಹುಡಿ ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಂಡಿದೆ. ಭದ್ರೆ ಹುಟ್ಟುವ ಆ ಸೀಮೆಯ ಸಹಜರೂಪವೇನು? ಕಣಿವೆಗಳಲ್ಲಿ ಸೋಲೆಕಾಡು, ಇಳಿಜಾರುಗಳಲ್ಲಿ ಹುಲ್ಲು. ಮಳೆನೀರನ್ನು ಹಿಡಿದು ಹನಿಹನಿಯಾಗಿ ಹೊಳೆಗೆ ಕೊಡುವುದರಲ್ಲಿ ಆ ಹುಲ್ಲಿನ ಪಾಲೂ ದೊಡ್ಡದು. ಅಂಥ ಹುಲ್ಲಿನ ಬೆಟ್ಟದ ಮೇಲೆ ಅಕೇಶಿಯ ನೆಟ್ಟರೆ ದೂರದಿಂದ ಹಸಿರಾಗಿ ಕಂಡೀತು. ಆದರೆ ಕಳೆದುಹೋದದ್ದು ಮರಳಿ ಬಂದಂತಾಗದು. ಹಸಿರೆಲ್ಲ ಒಂದೇ ಹಸಿರಲ್ಲ.

ಬಳ್ಳಾರಿ ಸೀಮೆಯ ಪಾಠ ಇನ್ನೊಂದು ಬಗೆಯದು. ಅಲ್ಲಿನ ಗಣಿಗಾರಿಕೆಯನ್ನು 2011ರಲ್ಲಿ ತಡೆದ ಸರ್ವೋಚ್ಚ ನ್ಯಾಯಾಲಯ, 2013ರ ತೀರ್ಪಿನಲ್ಲಿ, ನೆಲವನ್ನು ಸರಿಪಡಿಸುವ ಯೋಜನೆಯನ್ನು ಗಣಿ ಮತ್ತೆ ತೆರೆಯಲು ಷರತ್ತಾಗಿ ವಿಧಿಸಿತು. ಮಣ್ಣಿನ ರಾಶಿ ಜಾರದಂತೆ ತಡೆಗೋಡೆ, ಕೊರಕಲುಗಳಿಗೆ ಅಡ್ಡಕಟ್ಟೆ, ಇಳಿಜಾರಿಗೆ ಮೆಟ್ಟಿಲು, ಆಮೇಲೆ ಗಿಡ. ಮೊದಲು ಮಣ್ಣು ನಿಲ್ಲಬೇಕು, ಅನಂತರ ಬೇರು ನಿಂತೀತು ಎಂಬ ಕ್ರಮ ಇದು. ಅಂದ ಹಾಗೆ, ಬಳ್ಳಾರಿ ಜಾಲಿಯೆಂಬ ಮರವೂ ಬಳ್ಳಾರಿಯದಲ್ಲ, ಅಮೆರಿಕಾದ್ದು. ಹೆಸರು ನೋಡಿ ಗಿಡ ನೆಡಬಾರದೆಂಬುದಕ್ಕೆ ಇದೇ ಸಾಕ್ಷಿ.

ಈಗ ನಮ್ಮ ಮುರಕಲ್ಲಿನ ಕೋರೆಗೆ ಬರೋಣ. ಕಲ್ಲು ತೆಗೆಯುವ ಮೊದಲು ಮೇಲ್ಮಣ್ಣನ್ನು ಕೆರೆದು ಬೇರೆಯಾಗಿ ಗುಡ್ಡೆ ಹಾಕಿ, ಮಳೆಗೆ ಕೊಚ್ಚಿಹೋಗದಂತೆ ಸೊಪ್ಪು ಮುಚ್ಚಿಡಬೇಕು. ಕೆಲಸ ಮುಗಿದ ಬಳಿಕ ಕಡಿದಾದ ಅಂಚನ್ನು ತಗ್ಗಿಸಿ, ಕಲ್ಲಿನ ಚೂರನ್ನೇ ಹೊಂಡಕ್ಕೆ ತುಂಬಿ, ನೀರು ಹೊರಹೋಗಲು ದಾರಿ ಬಿಟ್ಟು, ಮೇಲೆ ಆ ಮಣ್ಣನ್ನು ಹರಡಬೇಕು. ಮೊದಲನೆಯ ಮಳೆಗಾಲದಲ್ಲಿ ಮರದ ಯೋಚನೆ ಬೇಡ. ಪದವಿನ ಹುಲ್ಲಿನ ಬೀಜ, ಸೆಣಬು, ಹುರುಳಿ ಚೆಲ್ಲಿದರೆ ಸಾಕು. ಬೇರು ಮಣ್ಣನ್ನು ಹಿಡಿಯುತ್ತದೆ, ದ್ವಿದಳಗಳು ಗಾಳಿಯ ಸಾರಜನಕವನ್ನು ನೆಲಕ್ಕಿಳಿಸುತ್ತವೆ. ಎರಡನೆಯ ವರ್ಷ ಗುಂಡಿ ತೋಡಿ, ಗೊಬ್ಬರ ಹಾಕಿ, ನೇರಳೆ, ಹೊಂಗೆ, ಪುನರ್ಪುಳಿಗಳನ್ನು ನೆಡಬಹುದು. ಅಂಗಳದ ಒಂದೊಂದು ಗಿಡವನ್ನೂ ಮಗುವಿನಂತೆ ಸಾಕುವ ಶಂಕರಪುರದ ಮಲ್ಲಿಗೆ ಕೃಷಿಕರಿಗೆ ಈ ಆರೈಕೆಯನ್ನು ಹೇಳಿಕೊಡಬೇಕಾಗಿಲ್ಲ.

ಕಳೆಯ ಮಟ್ಟಿಗೆ ಸಮಯವೇ ಮುಖ್ಯ. ನೆಲ ಹಸಿಯಿರುವಾಗ ಎಳೆಯ ಸಸಿಯನ್ನು ಬೇರುಸಹಿತ ಕೀಳುವುದು ಸುಲಭ. ಹೂ ಬಿಡುವ ಮುನ್ನ ಕಿತ್ತದ್ದು ಗೊಬ್ಬರ. ಬೀಜವಾದ ಮೇಲೆ ಕಿತ್ತದ್ದು ಬಿತ್ತನೆ. ಕಮ್ಯುನಿಸ್ಟ್ ಗಿಡ ನಮ್ಮಲ್ಲಿ ಚಳಿಗಾಲದಲ್ಲಿ ಹೂ ಬಿಡುವುದರಿಂದ ನವೆಂಬರಿನೊಳಗೆ ಒಂದು ಸುತ್ತು ಮುಗಿಯಬೇಕು. ಬೆಂಕಿ ಕೊಡುವುದು ಸಲ್ಲದು. ಬುಡದಿಂದ ಅದು ಮತ್ತೆ ಚಿಗುರುತ್ತದೆ, ಸಾಯುವುದು ನಾವು ನೆಟ್ಟ ಸಸಿಯೇ. ವಿಷದ ಔಷಧಿ ಸಿಂಪಡಿಸುವ ಮುನ್ನ ಹತ್ತಿರದ ಬಾವಿಯನ್ನು ನೆನೆಯಿರಿ. ಮೂರು ನಾಲ್ಕು ವರ್ಷ ಹೀಗೆ ಕಾದರೆ ಮರಗಳ ನೆರಳು ಕೂಡಿಕೊಳ್ಳುತ್ತದೆ. ದಟ್ಟ ನೆರಳಿನಲ್ಲಿ ಈ ಕಳೆಗಳು ತಲೆಯೆತ್ತಲಾರವು. ಅಲ್ಲಿಂದ ಮುಂದೆ ಕಾವಲುಗಾರ ನೆರಳೇ.

ಇದೆಲ್ಲ ಕೋರೆಯವರ ಕೆಲಸ, ನಮಗೇನು ಎನ್ನದಿರಿ. ಮುಂದಿನ ಸಲ ಕಲ್ಲು ತರಿಸುವಾಗ, ಅದು ಯಾವ ಪದವಿನದು, ಅಲ್ಲಿನ ಮೇಲ್ಮಣ್ಣನ್ನು ಏನು ಮಾಡಿದಿರಿ ಎಂದು ಒಂದು ಮಾತು ಕೇಳಿ. ಕೊಳ್ಳುವವನು ಕೇಳಿದರೆ ಮಾರುವವನು ಯೋಚಿಸುತ್ತಾನೆ. ಪಾಳು ಹೊಂಡಕ್ಕೆ ಬೇಲಿ ಹಾಕಿಸಲು ಪಂಚಾಯತಿಗೆ ಒಂದು ಅರ್ಜಿ ಕೊಡಿ. ಮನೆಯ ಕಸ ಅಲ್ಲಿಗೆ ಹೋಗದಂತೆ ನೋಡಿಕೊಳ್ಳಿ. ನೆಲದಿಂದ ಕಲ್ಲನ್ನು ಪಡೆದವರು ನಾವು. ಅದಕ್ಕೆ ಅದರ ಹುಲ್ಲನ್ನಾದರೂ ಹಿಂದಿರುಗಿಸುವುದು ನ್ಯಾಯವಷ್ಟೆ.