ಆರಿದ್ರಾ ನಕ್ಷತ್ರಕ್ಕೆ ತಾಳ ಇದೆಯಾ? ಇದ್ರೆ ಗೊತ್ತಾಗೋದು ಹೇಗೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಆರಿದ್ರಾ ಅಂದ್ರೆ ಮೊದಲು ನೆನಪಾಗೋದು ಮಳೆ. ಇವತ್ತು ಆ ಹೆಸರಿನ ನಕ್ಷತ್ರದ ಬಗ್ಗೆ ಮಾತಾಡೋಣ. ಮಹಾವ್ಯಾಧನ ಭುಜದಲ್ಲಿ ಕೆಂಪಗೆ ಕಾಣುತ್ತಲ್ಲ, ಅದೇ. ಇಂಗ್ಲಿಷ್‌ನಲ್ಲಿ ಬೀಟಲ್‌ಜ್ಯೂಸ್.

2019ರ ಕೊನೆಯಲ್ಲಿ ಇದು ಮಂಕಾಗ್ತಾ ಬಂತು. 2020ರ ಫೆಬ್ರವರಿ ಹೊತ್ತಿಗೆ ಮಾಮೂಲಿ ಬೆಳಕಿನ ಸುಮಾರು ಮೂರನೇ ಒಂದು ಭಾಗಕ್ಕೆ ಇಳೀತು. ಇನ್ನೇನು ಸಿಡಿಯುತ್ತೆ ಅಂತ ಎಷ್ಟೋ ಜನ ಕಾದ್ರು. ಸಿಡಿಯಲಿಲ್ಲ. ನಕ್ಷತ್ರವೇ ಉಗುಳಿದ್ದ ಧೂಳು ಅಡ್ಡ ಬಂದಿತ್ತು ಅಂತ ಆಮೇಲೆ ಖಗೋಳ ವಿಜ್ಞಾನಿಗಳು ಹೇಳಿದ್ರು. ಆದ್ರೆ ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ಒಂದು ಸಂಗತಿ ಗೊತ್ತಿತ್ತು: ಆರಿದ್ರಾದ ಬೆಳಕು ಸುಮಾರು 400 ದಿನಕ್ಕೊಮ್ಮೆ ಏರಿಳಿಯುತ್ತೆ. ಅದರ ಜೊತೆಗೇ ಸುಮಾರು 2,100 ದಿನಗಳ ಇನ್ನೊಂದು ನಿಧಾನ ಏರಿಳಿತವೂ ಇದೆ. ಈ ಸಂಖ್ಯೆಗಳು ಎಲ್ಲಿಂದ ಬಂದ್ವು?

ಒಂದು ಉದ್ದನೆಯ ಕಾಗದದ ಪಟ್ಟಿ ತಗೊಳ್ಳಿ. ದಿನಾಂಕದ ಪ್ರಕಾರ ಪ್ರತಿ ರಾತ್ರಿಯ ಬೆಳಕಿಗೆ ಒಂದೊಂದು ಚುಕ್ಕಿ ಇಡಿ. ಈಗ ಅದನ್ನ 300 ದಿನಕ್ಕೊಂದು ಮಡಿಕೆ ಬರೋ ಹಾಗೆ ಮಡಚಿ, ಬೆಳಕಿಗೆ ಹಿಡಿದು ನೋಡಿ. ಚುಕ್ಕಿಗಳು ಚೆಲ್ಲಾಪಿಲ್ಲಿ. 350ಕ್ಕೆ ಮಡಚಿದ್ರೂ ಹಾಗೇ. 400ಕ್ಕೆ ಮಡಚಿದಾಗ ಒಂದರ ಮೇಲೊಂದು ಕೂತು ಅಲೆಯ ಆಕಾರ ಬಂತು ಅನ್ನಿ, ಅದೇ ಅವಧಿ. ಚುಕ್ಕಿ ಎಷ್ಟು ಚೆದುರಿದೆ ಅಂತ ಅಳೆದು ಅವಧಿ ಹಿಡಿಯೋ ಈ ವಿಧಾನಕ್ಕೆ 1978ರಲ್ಲಿ ಸ್ಟೆಲಿಂಗ್‌ವರ್ಫ್ ಪಕ್ಕಾ ರೂಪ ಕೊಟ್ರು. ಇನ್ನೊಂದು ದಾರಿ ಲೋಂಬ್ ಮತ್ತು ಸ್ಕಾರ್ಗಲ್ ಅವರದು, 1976 ಮತ್ತು 1982ರದು: ಬೇರೆ ಬೇರೆ ಅವಧಿಯ ಅಲೆಗಳನ್ನ ಚುಕ್ಕಿಗಳಿಗೆ ಹೊಂದಿಸಿ, ಯಾವುದು ಚೆನ್ನಾಗಿ ಕೂರುತ್ತೆ ನೋಡೋದು. ನಡುವೆ ರಾತ್ರಿಗಳು ತಪ್ಪಿದ್ರೂ ಇದು ಕೆಲಸ ಮಾಡುತ್ತೆ.

ತೊಂದರೆ ಶುರುವಾಗೋದು ಆ ತಪ್ಪಿದ ರಾತ್ರಿಗಳಲ್ಲೇ. ಆರಿದ್ರಾ ಮಳೆ ಅಂದ್ರೇನು? ಸೂರ್ಯ ಆರಿದ್ರಾ ನಕ್ಷತ್ರದಲ್ಲಿರೋ ದಿನಗಳು. ಅಂದ್ರೆ ಮಳೆ ಬರೋ ಹೊತ್ತಿಗೆ ಅದೇ ಹೆಸರಿನ ನಕ್ಷತ್ರ ಸೂರ್ಯನ ಬೆಳಕಲ್ಲಿ ಮುಚ್ಚಿಹೋಗಿರುತ್ತೆ! ಪ್ರತಿ ವರ್ಷ ಲೆಕ್ಕದ ಪುಸ್ತಕದಲ್ಲಿ ಒಂದು ಖಾಲಿ ಜಾಗ. ಇನ್ನು ಪ್ರತಿ ಜನವರಿ ಮಾತ್ರ ನೋಡಿದ್ರಿ ಅಂದ್ಕೊಳ್ಳಿ. 400 ದಿನದ ಏರಿಳಿತ ವರ್ಷಕ್ಕೆ 35 ದಿನ ಹಿಂದೆ ಬೀಳುತ್ತೆ, ನಿಮಗೆ ಅದು ಹನ್ನೊಂದೂವರೆ ವರ್ಷದ ಏರಿಳಿತದ ಹಾಗೆ ಕಾಣುತ್ತೆ. ನಕ್ಷತ್ರದಲ್ಲಿ ಅಂಥದ್ದೇನೂ ಇಲ್ಲ. ನೀವು ನೋಡಿದ ಕ್ರಮ ನಕ್ಷತ್ರದ ಮೇಲೆ ಕೂತಿದೆ, ಅಷ್ಟೇ.

ಇನ್ನೊಂದು ಅಪಾಯ ಕಾಕತಾಳೀಯ. ಸಾವಿರಾರು ಅವಧಿ ಹಚ್ಚಿ ನೋಡಿದ್ರೆ ಯಾವುದೋ ಒಂದು ಕೂತೇ ಕೂರುತ್ತೆ. ಅದಕ್ಕೆ ಒಂದು ಪರೀಕ್ಷೆ ಇದೆ: ದಿನಾಂಕಗಳು ಹಾಗೇ ಇರಲಿ, ಬೆಳಕಿನ ಅಂಕಿಗಳನ್ನ ಇಸ್ಪೀಟ್ ಎಲೆ ಕಲಸಿದ ಹಾಗೆ ಕಲಸಿ ಮತ್ತೆ ಅವಧಿ ಹುಡುಕಿ. ಹೀಗೆ ಸಾವಿರ ಸಲ. ಕಲಸಿದ ಅಂಕಿಗಳಲ್ಲೂ ಅಷ್ಟೇ ಚೆಂದದ ಅವಧಿ ಪದೇ ಪದೇ ಸಿಕ್ಕಿದ್ರೆ ನಿಮ್ಮದನ್ನ ನಂಬಬೇಡಿ. ಆದ್ರೆ ಆರಿದ್ರಾಕ್ಕೆ ಇದೂ ಸಾಲದು ನೋಡ್ರಿ. ಅದರ ಇವತ್ತಿನ ಬೆಳಕು ನಿನ್ನೆಯದರ ಹತ್ತಿರವೇ ಇರುತ್ತೆ. ಕಲಸಿದ್ರೆ ಆ ನಂಟು ಹೋಗಿ, ಸುಳ್ಳು ಅವಧಿಯೂ ಪಾಸಾಗಿಬಿಡುತ್ತೆ. ಮೇಲಾಗಿ ಇದು ಗಡಿಯಾರದಂಥ ನಕ್ಷತ್ರವೂ ಅಲ್ಲ. ಮಳೆಗಾಲದ ಹಾಗೆ, ಬರೋದು ನಿಜ, ತಾರೀಖು ಹೆಚ್ಚುಕಡಿಮೆ. ಹಾಗಾಗಿ ಒಂದೇ ಉಪಾಯ, ತುಂಬಾ ವರ್ಷ ನೋಡೋದು. 2,100 ದಿನ ಅಂದ್ರೇನೇ ಹೆಚ್ಚುಕಡಿಮೆ ಆರು ವರ್ಷ, ಹತ್ತು ಸುತ್ತು ನೋಡೋಕೆ ಅರವತ್ತು ವರ್ಷ ಬೇಕು. ಇಲ್ಲೇ ಹವ್ಯಾಸಿಗಳ ಕೆಲಸಕ್ಕೆ ಬೆಲೆ. 1911ರಲ್ಲಿ ಶುರುವಾದ ಅಮೆರಿಕದ ಎಎವಿಎಸ್‌ಒ ಸಂಸ್ಥೆ ಜಗತ್ತಿನ ಯಾರು ಬರಿಗಣ್ಣಲ್ಲಿ ನೋಡಿ ಕಳಿಸಿದ ಅಂದಾಜನ್ನೂ ತಗೊಳ್ಳುತ್ತೆ.

ಆ ಉದ್ದದ ಅವಧಿ ಏನು ಕೊಡ್ತು ಗೊತ್ತಾ? 2024ರಲ್ಲಿ ಎರಡು ತಂಡಗಳು, ಇದಕ್ಕೆ ಕಾರಣ ಆರಿದ್ರಾವನ್ನ ಸುತ್ತೋ ಪುಟ್ಟ ಸಂಗಾತಿ ನಕ್ಷತ್ರ ಇರಬೇಕು ಅಂದ್ವು. ಆ ವರ್ಷದ ಡಿಸೆಂಬರ್‌ನಲ್ಲಿ ಅದು ನಮ್ಮ ಕಣ್ಣಿಗೆ ಆರಿದ್ರಾದಿಂದ ಹೆಚ್ಚು ದೂರ ಕಾಣಬೇಕು ಅನ್ನೋದು ಲೆಕ್ಕ. ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕ ಆಗ ನೋಡಿತು. ಅಲ್ಲೊಂದು ಮಸುಕು ಚುಕ್ಕಿ ಸಿಕ್ಕಿದೆ ಅಂತ 2025ರ ಜುಲೈನಲ್ಲಿ ಸುದ್ದಿ ಬಂತು. ಸಂಕೇತ ದುರ್ಬಲ, ಪೂರ್ತಿ ಖಚಿತ ಅನ್ನೋ ಹಾಗಿಲ್ಲ.

ನೀವೂ ನೋಡಬಹುದು. ಡಿಸೆಂಬರ್, ಜನವರಿಯಲ್ಲಿ ಆರಿದ್ರಾವನ್ನ ರೋಹಿಣಿ ಜೊತೆ, ಪ್ರೊಸಿಯಾನ್ ಜೊತೆ ಹೋಲಿಸಿ. ಸಾಮಾನ್ಯವಾಗಿ ರೋಹಿಣಿಗಿಂತ ಹೆಚ್ಚು, ಪ್ರೊಸಿಯಾನ್‌ಗೆ ಹತ್ತಿರ ಇರುತ್ತೆ. ಮೂರೂ ಸಾಕಷ್ಟು ಮೇಲೆ ಬಂದಿರಲಿ, ದಿಗಂತದ ಹತ್ತಿರ ಎಲ್ಲವೂ ಮಂಕು. ದಿಟ್ಟಿಸಬೇಡಿ, ಕೆಂಪು ನಕ್ಷತ್ರ ದಿಟ್ಟಿಸಿದಷ್ಟೂ ಹೆಚ್ಚು ಬೆಳಗಿದಂತೆ ಅನಿಸುತ್ತೆ, ಇಣುಕುನೋಟ ಸಾಕು. ದಿನಾಂಕ, ಗಂಟೆ, ಅಂದಾಜು, ಮೂರನ್ನೂ ಬರೆದಿಡಿ. ಹೊನ್ನಾಳಿಯಲ್ಲಿ ಮೋಡ ಕವಿದ ರಾತ್ರಿ ಜಗಳೂರಲ್ಲಿ ಆಕಾಶ ತೆರೆದಿರಬಹುದು, ಇಬ್ಬರು ಗೆಳೆಯರು ಸೇರಿದ್ರೆ ಖಾಲಿ ಜಾಗ ಕಡಿಮೆ. ಆ ಸಂಗಾತಿ ಮತ್ತೆ ದೂರ ಸರಿದು ಕಾಣಬೇಕಾದ್ದು 2027ರ ನವೆಂಬರ್‌ನಲ್ಲಿ.